ಸಂಡೂರನ್ನು ಸಂಜೆಗೆ ಇಟ್ಟುಕೊಂಡದ್ದು

ಹಂಪಿಯಲ್ಲಿ ಹೆಚ್ಚು ವರ್ಷ ಗೈಡ್ ಕೆಲಸ ಮಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಚೆನ್ನಾಗಿರುವ ಯಾವುದನ್ನೂ ಅವರು ಎದುರಿಗೆ ಬಂದ ಕೂಡಲೇ ತೋರಿಸುವುದಿಲ್ಲ. ಮೊದಲು ಸಣ್ಣಪುಟ್ಟ ಮಂಟಪಗಳನ್ನು ಸುತ್ತಿಸಿ, ಬಿಸಿಲಲ್ಲಿ ನಡೆಸುತ್ತಾರೆ. ಬಂದವರು "ಇಷ್ಟೇನಾ" ಎಂದು ಮುಖ ಸಣ್ಣ ಮಾಡುವ ಹೊತ್ತಿಗೆ, ಸಂಜೆ ಬೆಳಕು ಕಲ್ಲಿನ ಮೇಲೆ ಬಿದ್ದಾಗ, ಹೇಮಕೂಟದ ಗುಡ್ಡ ಹತ್ತಿಸುತ್ತಾರೆ. ಹತ್ತುವಾಗಲೂ ಜನರ ಬೆನ್ನು ನೋಡಬೇಕಾದ ಕಡೆಗೇ ಇರುವಂತೆ ಮಾತಿನಲ್ಲಿ ತೊಡಗಿಸಿ, ಸರಿಯಾದ ಜಾಗಕ್ಕೆ ಬಂದ ಮೇಲೆ "ಈಗ ತಿರುಗಿ ನೋಡ್ರಿ" ಎನ್ನುತ್ತಾರೆ. ತಿರುಗಿದವರ ಬಾಯಿಂದ "ಅಬ್ಬಾ" ಬಂದರೆ ಆ ದಿನದ ಕೆಲಸ ಸಾರ್ಥಕ. ನಾನು ಮೂವತ್ತೊಂದು ವರ್ಷ ಈ ಆಟ ಆಡಿದ್ದೇನೆ. ನನ್ನಷ್ಟು ಚೆನ್ನಾಗಿ "ಅಬ್ಬಾ" ಹೇಳಿಸುವವನು ಇನ್ನೊಬ್ಬನಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು. ಅದೇ ಚಟದಿಂದ ನನ್ನ ಹೆಂಡತಿಗೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಹೊಸಪೇಟೆಯಲ್ಲಿ. ಅವಳು ಕಂಪ್ಲಿಯವಳು, ಹೊಳೆದಂಡೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದಾಗಿನಿಂದ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿದುಕೊಟ್ಟಳು. ಗೈಡನ ಹೆಂಡತಿ ಎಂದರೆ ಸುತ್ತಲಿನದೆಲ್ಲ ನೋಡಿ ಮುಗಿಸಿರುತ್ತಾಳೆ ಎಂದು ಜನ ಅಂದುಕೊಳ್ಳುತ್ತಾರೆ. ಅವಳು ಹಂಪಿಗೆ ಬಂದದ್ದು ನಾಲ್ಕೈದು ಸಲ, ಅದೂ ಯಾರದೋ ಮದುವೆಗೆ, ಇಲ್ಲವೇ ಕಾಯಿ ಒಡೆಸುವುದಕ್ಕೆ.

"ಒಂದಿನ ನನಗೂ ಎಲ್ಲಾ ತೋರಸ್ರಲ್ಲ, ಆ ಫಾರಿನ್‌ನವರಿಗೆ ತೋರಿಸಿದಂಗ" ಎನ್ನುತ್ತಿದ್ದಳು.

"ಆ ಕಲ್ಲಾಗ ಏನ್ ನೋಡ್ತಿ. ನನಗ ಸಿಗೂದ ಒಂದಿನ ರಜಾ" ಎಂದು ನಾನು ಕಾಲು ಚಾಚಿ ಮಲಗುತ್ತಿದ್ದೆ. ದಿನವೆಲ್ಲ ಕಂಡವರಿಗೆ ಕಥೆ ಹೇಳಿದ ಬಾಯಿಗೆ ಮನೆಯವಳೊಂದಿಗೆ ಮಾತಾಡಲು ಬೇಸರ. ಈಗ ನೆನೆದರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಬರುಬರುತ್ತ ಹಂಪಿಯ ಆಸೆ ಬಿಟ್ಟಳು. ಸಂಡೂರಿನ ಆಸೆ ಮಾತ್ರ ಬಿಡಲಿಲ್ಲ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಮಕ್ಕಳನ್ನು ಸಂಡೂರಿಗೆ ಕರೆದುಕೊಂಡು ಹೋಗಿದ್ದರಂತೆ. ಆ ವಾರವೇ ಇವಳಿಗೆ ಮೈತುಂಬ ಅಮ್ಮನ ಗುಳ್ಳೆ ಎದ್ದು, ಬೇವಿನ ಎಲೆಯ ಮೇಲೆ ಮಲಗಿದ್ದಳು. ಹೋಗಿಬಂದ ಗೆಳತಿಯರು ಹತ್ತಿರ ಬರುವಂತಿರಲಿಲ್ಲ. ಕಿಟಕಿಯ ಹೊರಗೆ ನಿಂತೇ ಹೇಳಿದರಂತೆ: ಎರಡು ಗುಡ್ಡ ಎದುರುಬದುರಾಗಿ ನಿಂತಿವೆ, ನಡುವೆ ನೀರು ಹೊಳೆಯುತ್ತದೆ, ಗುಡ್ಡವೆಲ್ಲ ಗಿಳಿಯಷ್ಟು ಹಸಿರು. ಈ ಮೂರು ಮಾತನ್ನು ಅವಳು ಮೂವತ್ತು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಾಳೆ ಎಂದರೆ ನನಗೇ ಬಾಯಿಪಾಠವಾಗಿತ್ತು. ನಾನೋ, ಪ್ರವಾಸಿಗರನ್ನು ಕರೆದುಕೊಂಡು ಎಷ್ಟೋ ಸಲ ಸಂಡೂರಿಗೆ ಹೋಗಿ ಬಂದವನು. ಬಂದು ಕೆಂಪು ಧೂಳಿನ ಅಂಗಿಯನ್ನು ಅವಳ ಕೈಗೆ ಒಗೆಯಲು ಕೊಡುತ್ತಿದ್ದೆ. ಅವಳು ಕಂಡ ಸಂಡೂರು ಅಷ್ಟೇ.

ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು. ಅದು ಕಣ್ಣಿಗೆ ಬಂದದ್ದು ಗೊತ್ತಾಗಲಿಲ್ಲ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯತೊಡಗಿದಾಗ "ವಯಸ್ಸಾತು, ಚಾಳೀಸಿನ ಚಸ್ಮಾ ತಗೋ" ಎಂದು ನಕ್ಕಿದ್ದೆ. ಆಮೇಲೆ ಒಂದು ಕಣ್ಣು ಪೂರ್ತಿ ಮಂಜಾಯಿತು. ಬಳ್ಳಾರಿಗೆ ಕರೆದುಕೊಂಡು ಹೋಗಬೇಕಾದವನು ನಾನು. ಆದರೆ ಅದು ಫೆಬ್ರವರಿ, ಹಂಪಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಬುಕ್ಕಸಾಗರದಲ್ಲಿರುವ ಅವಳ ತಂಗಿ ಗದ್ದೆ ಕೆಲಸ ಬಿಟ್ಟು ಬಂದು, ಮೂರು ಸಲ ಬಳ್ಳಾರಿಗೆ ಕರೆದೊಯ್ದು, ಉಳಿದ ಕಣ್ಣಿಗೆ ಲೇಸರ್ ಮಾಡಿಸಿದಳು.

ಕೊನೆಯ ಸಲ ಹೋಗಿ ಬಂದ ದಿನ ತಂಗಿ ನನ್ನ ಎದುರಿಗೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಲು ಶುರು ಮಾಡಿದಳು. ಅಷ್ಟರಲ್ಲಿ ನನಗೆ ಫೋನ್ ಬಂತು. ಹೈದರಾಬಾದಿನ ದೊಡ್ಡ ಗುಂಪು, ಮರುದಿನಕ್ಕೆ ಗೈಡ್ ಬೇಕಂತೆ. ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿ ಒಳಗೆ ಬಂದಾಗ ಅವಳ ಮಾತು ಮುಗಿಯುತ್ತಾ ಬಂದಿತ್ತು.

"ಏನೇನು ನೋಡಬೇಕಂತಾರೋ ಈಗ ನೋಡ್ಕೊಳ್ಳಿ ಅಂದಾರ, ಮಾವಾ. ಇರೂ ಒಂದ್ ಕಣ್ಣು ಎಷ್ಟು ದಿನಾನೋ ಹೇಳಾಕ ಬರಂಗಿಲ್ಲಂತ."

ಮೊದಲು ಏನು ಹೇಳಿದ್ದಳು ಎಂದು ನಾನು ಕೇಳಲಿಲ್ಲ. ಕೊನೆಯ ಮಾತೇ ಸಾಕಷ್ಟು ದೊಡ್ಡದಾಗಿತ್ತು. ತಂಗಿ ಹೋದ ಮೇಲೆ ಹೆಂಡತಿಯನ್ನು "ಏನ್ ನೋಡ್ತಿ ಹೇಳು" ಎಂದೆ. ಒಂದು ಕ್ಷಣವೂ ಯೋಚಿಸದೆ "ಸಂಡೂರು" ಎಂದಳು.

ಮರುದಿನವೇ ಹೊರಡಬಹುದಿತ್ತು. ಹೊಸಪೇಟೆಯಿಂದ ಬಸ್ಸಿನಲ್ಲಿ ಕೂತರೆ ಊಟದ ಹೊತ್ತಿಗೆ ವಾಪಸ್ಸು. ಆದರೆ ನನ್ನೊಳಗಿನ ಗೈಡ್ ಒಪ್ಪಬೇಕಲ್ಲ. "ಈಗ ಬ್ಯಾಡ. ಬ್ಯಾಸಗಿಗೆ ಗುಡ್ಡ ಎಲ್ಲಾ ಬೋಳು ಹೊಡೆದಿರ್ತಾವ, ಬರೇ ಕೆಂಪು ಮಣ್ಣು. ನಿನ್ನ ಗಿಣಿ ಹಸಿರು ಬೇಕಂದ್ರ ಶ್ರಾವಣದಾಗ ಹೋಗಬೇಕು" ಎಂದೆ.

"ಹಂಗಾದ್ರ ಶ್ರಾವಣಕ್ಕ ಹೋಗೂಣ್ರಿ" ಎಂದಳು. ಮೂವತ್ತು ವರ್ಷ ಕಾದವಳಿಗೆ ಆರು ತಿಂಗಳು ಏನು ಮಹಾ ಎಂದು ನನ್ನ ಲೆಕ್ಕ.

ಆ ಆರು ತಿಂಗಳಲ್ಲಿ ಅವಳ ದಿನ ಮೆಲ್ಲಗೆ ಕಿರಿದಾಯಿತು. ಮಧ್ಯಾಹ್ನ ನಾಲ್ಕಕ್ಕೇ ಮನೆಯ ಲೈಟೆಲ್ಲ ಹಾಕಿಬಿಡುತ್ತಿದ್ದಳು. "ಸೂರ್ಯ ಇನ್ನೂ ಡ್ಯೂಟಿ ಬಿಟ್ಟಿಲ್ಲ, ನೀ ಯಾಕ ಇಷ್ಟ್ ಜಲ್ದಿ ಲೈಟ್ ಹಾಕ್ತಿ" ಎಂದು ರೇಗಿಸುತ್ತಿದ್ದೆ. ಐದರೊಳಗೆ ಅಡುಗೆ ಮುಗಿಸಿ, ಪಾತ್ರೆ ತೊಳೆದು, ಮಂಚದ ಒಂದು ತುದಿಯಲ್ಲಿ ಕೂತರೆ ಮತ್ತೆ ಏಳುತ್ತಿರಲಿಲ್ಲ. ನೀರು ಬೇಕಾದರೂ ನನ್ನನ್ನು ಕೇಳುತ್ತಿದ್ದಳು. ಸಕ್ಕರೆ ಕಾಯಿಲೆಯ ಸುಸ್ತು ಎಂದುಕೊಂಡೆ. ಒಂದೊಂದು ಕಲ್ಲಿನ ಮೇಲಿನ ಒಂದೊಂದು ಗೀರನ್ನೂ ಪ್ರವಾಸಿಗರಿಗೆ ಬಿಡಿಸಿ ಹೇಳುವ ನನಗೆ, ಮನೆಯಲ್ಲಿ ದಿನವೂ ಕಣ್ಣೆದುರು ನಡೆಯುತ್ತಿದ್ದುದು ಕಾಣಲಿಲ್ಲ.

ಶ್ರಾವಣದ ಎರಡನೇ ವಾರ ಹೊರಟೆವು. ಹಿಂದಿನ ಮೂರು ದಿನ ಮಳೆ ಹೊಡೆದು, ಅಂದು ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಅವಳು ಹಸಿರು ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ, ಆದರೆ ಗುಡ್ಡ ಕಾಣದ ಬದಿಗೆ. ಈಗಲೇ ಅರ್ಧ ನೋಡಿಬಿಟ್ಟರೆ ಸಂಜೆಗೆ ಏನು ಉಳಿಯಿತು? ಗಾದಿಗನೂರು ದಾಟಿದ ಮೇಲೆ ಅದಿರಿನ ಲಾರಿಗಳು ಸಾಲುಗಟ್ಟಿ ಎದುರಾದವು. ಅವಳು ಕತ್ತು ತಿರುಗಿಸಿ ಆಚೆ ಬದಿಯ ಕಿಟಕಿಯತ್ತ ನೋಡಲು ಹೋದಳು. "ಅಲ್ಲೇನಿಲ್ಲ, ಈ ಕಡೆ ನೋಡು" ಎಂದೆ. ಈ ಕಡೆ ಇದ್ದದ್ದು ಜಾಲಿಗಿಡ ಮತ್ತು ಲಾರಿಯ ಟೈರು ರಿಪೇರಿ ಅಂಗಡಿಗಳು.

ಸಂಡೂರಿನಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಅರಮನೆಯನ್ನು ಹೊರಗಿನಿಂದ ತೋರಿಸಿದೆ, ಹಿಂದೆ ಇದು ರಾಜರ ಸಂಸ್ಥಾನವಾಗಿತ್ತೆಂದು ಕಥೆ ಹೇಳಿದೆ. ಸಣ್ಣ ಊರು, ನಾಲ್ಕೂ ಕಡೆ ಗುಡ್ಡ, ಬೀದಿಗಳಲ್ಲಿ ಹಳೆಯ ಮರಗಳು. ಗಣಿಯ ಧೂಳನ್ನು ಮಳೆ ತೊಳೆದಿದ್ದರಿಂದ ಅಂದು ಎಲ್ಲವೂ ಅಚ್ಚುಕಟ್ಟಾಗಿ ಕಂಡಿತು. ಅಲ್ಲಿಂದ ಲಂಬಾಣಿ ಹೆಂಗಸರು ಕೂತು ಕಸೂತಿ ಹಾಕುವ ಒಂದು ಜಾಗಕ್ಕೆ ಕರೆದೊಯ್ದೆ. ಅದು ನನ್ನ ಮಾಮೂಲಿ ಪಟ್ಟಿಯಲ್ಲಿ ಹದಿನೈದು ನಿಮಿಷದ ಐಟಂ.

ಅಲ್ಲಿ ಅವಳು ಬೇರೆಯೇ ಹೆಂಗಸಾದಳು. ಕನ್ನಡಿ ಚೂರು ಕೂರಿಸಿದ ಒಂದು ಬಟ್ಟೆಯನ್ನು ಎತ್ತಿಕೊಂಡು ಬಾಗಿಲಿನ ಬಿಸಿಲಿಗೆ ಬಂದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಓರೆ ಮಾಡಿ, ನೇರ ಮಾಡಿ ನೋಡಿದಳು. ಕನ್ನಡಿಯ ಬೆಳಕು ಅವಳ ಗಲ್ಲದ ಮೇಲೆ ಕುಣಿಯುತ್ತಿತ್ತು. "ಇದನ್ನ ಹಿಂದಿನಿಂದ ಕಟ್ಟೀರೋ ಮುಂದಿನಿಂದೋ" ಎಂದು ಅಲ್ಲಿದ್ದ ಮುದುಕಿಯನ್ನು ಕೇಳಿದಳು. ಆಕೆ ಸೂಜಿ ಹಿಡಿದ ಕೈಯಿಂದಲೇ ತೋರಿಸಿದಳು. ಇಬ್ಬರೂ ತಲೆಗೆ ತಲೆ ಹಚ್ಚಿ ಕೂತುಬಿಟ್ಟರು. ನಾನು ಎರಡು ಸಲ ಕೆಮ್ಮಿದೆ. ಮೂರನೇ ಸಲ "ಸಾಕು ಏಳು, ಇನ್ನೂ ಭಾಳ ಐತಿ ನೋಡೂದು" ಎಂದೆ. ಬಟ್ಟೆಯನ್ನು ಮಡಚಿ ಕೊಟ್ಟು ಎದ್ದಳು.

ಹೊರಗೆ ಬಂದಾಗ ನಡುಮಧ್ಯಾಹ್ನ. ಬಿಸಿಲು ಎಂದರೆ ಬಿಸಿಲು. ನೆಲದ ಹರಳನ್ನೂ ಲೆಕ್ಕ ಹಾಕುವಂತಿತ್ತು.

"ಈಗ ಗುಡ್ಡಕ್ಕ ಹೋಗೂಣಲ್ರೀ" ಎಂದಳು.

"ಈಗ? ಹುಚ್ಚೇನು? ಸಂಜಿಗೆ ನೋಡಬೇಕು. ಬಿಸಿಲಾಗ ಏನೂ ಕಾಣಂಗಿಲ್ಲ."

"ಒಮ್ಮೆ ಈಗ ನೋಡಿ, ಸಂಜಿಗೂ ನೋಡೂಣು."

"ಮೂವತ್ತು ವರ್ಷದಿಂದ ಮಂದಿಗೆ ತೋರ್ಸಾಕತ್ತೀನಿ. ನನಗ ಗೊತ್ತಿಲ್ಲೇನು ಯಾವಾಗ ತೋರಿಸಬೇಕಂತ?"

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಊಟವಾದ ಮೇಲೆ ಇನ್ನೊಮ್ಮೆ, "ಮೂರು ಗಂಟಿಗಾದ್ರೂ ಹೋಗಿರೂಣ್ರಿ" ಎಂದಳು. ಅವಳು ಹಟ ಮಾಡುವವಳಲ್ಲ. ಒಂದೇ ಮಾತನ್ನು ಎರಡನೇ ಸಲ ಕೇಳುತ್ತಿದ್ದಾಳೆ ಎಂದರೆ ಏನೋ ಇದೆ ಎಂದು ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ತಿಳಿಯಬೇಕಿತ್ತು. ಹೋಟೆಲಿನ ಒಳಗಿನ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಅವಳನ್ನು ಮೂರೂವರೆಯವರೆಗೆ ಕೂರಿಸಿದೆ.

ಆಮೇಲೆ ಆಟೋ ಮಾಡಿಕೊಂಡು ಗುಡ್ಡ ಹತ್ತಿದೆವು. ಹಾದಿಯುದ್ದಕ್ಕೂ ಕಾಡು, ತಿರುವು. ಆಟೋದ ಎರಡೂ ಬದಿಯ ಪರದೆ ಇಳಿಸಿದ್ದೆ. ಧೂಳು ಎಂದು ನೆಪ ಹೇಳಿದೆ. ಮೊದಲು ಪಾರ್ವತಿಯ ಗುಡಿ. ಒಳಗೆ ಮಬ್ಬು. ಅವಳು ಕಂಬದ ಮೇಲೆ ಮೆಲ್ಲಗೆ ಕೈ ಆಡಿಸಿದಳು. ಬಳ್ಳಿ, ಹಕ್ಕಿ, ಹೆಣ್ಣಿನ ಪಾದ, ಒಂದೊಂದರ ಮೇಲೂ ಬೆರಳು ನಿಂತು ಹೋಗುತ್ತಿತ್ತು. ಪ್ರವಾಸಿಗರಿಗೆ ಹೇಳುವ ಅಭ್ಯಾಸದಲ್ಲಿ "ಮುಟ್ಟಬ್ಯಾಡ" ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

ಆರು ಗಂಟೆ ದಾಟಿದ ಮೇಲೆ ನನ್ನ ಜಾಗಕ್ಕೆ ಕರೆತಂದೆ. ಇಳಿಯುವ ರಸ್ತೆಯ ಒಂದು ತಿರುವು. ಅಲ್ಲಿ ನಿಂತರೆ ಕೆಳಗೆ ಇಡೀ ಕಣಿವೆ. ಗುಡ್ಡದ ಹಿಂದೆ ಗುಡ್ಡ, ಮುಳುಗುವ ಸೂರ್ಯನಿಗೆ ಹಸಿರೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿ, ಆಮೇಲೆ ನೇರಳೆಯಾಗುತ್ತದೆ. ಎಡಗಡೆ ಗಣಿ ಅಗೆದ ಮೆಟ್ಟಿಲುಗಳೂ ಆ ಬೆಳಕಿನಲ್ಲಿ ಚೆಂದ ಕಾಣುತ್ತವೆ. ನಾನು ಅವಳನ್ನು ರಸ್ತೆಯ ಕಡೆ ಮುಖ ಮಾಡಿಸಿ, ತೋಳು ಹಿಡಿದು ಹಿಮ್ಮುಖವಾಗಿ ನಡೆಸಿಕೊಂಡು ಬಂದೆ. ಬೆಳಕು ಇನ್ನಷ್ಟು ಮಾಗಲಿ ಎಂದು ಐದು ನಿಮಿಷ ಕಾಯಿಸಿದೆ. ಅವಳ ಹಿಡಿತ ಬಿಗಿಯಾಗುತ್ತಾ ಹೋಯಿತು. ಸಂಭ್ರಮ ಎಂದುಕೊಂಡೆ.

"ಈಗ ತಿರುಗಿ ನೋಡು."

ಅವಳು ತಿರುಗಿದಳು. ಮುಖವನ್ನು ಅತ್ತಿತ್ತ ಆಡಿಸಿದಳು. ಆಮೇಲೆ "ಅಬ್ಬಾ" ಎಂದಳು. "ಭಾಳ ಚಂದ ಐತ್ರಿ."

ನನ್ನ ಎದೆ ಉಬ್ಬಿತು. ಬಲಗಡೆಯ ಗುಡ್ಡ ಯಾವುದು, ಅದರಾಚೆ ಯಾವ ಊರು, ಎಲ್ಲ ಹೇಳತೊಡಗಿದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು. ನನ್ನ ಮಾತು ನಿಂತಾಗ, ತನ್ನ ಸರದಿ ಬಂತು ಎನ್ನುವಂತೆ ಕೈ ಮುಂದೆ ಚಾಚಿ ಹೇಳಿದಳು:

"ಎರಡು ಗುಡ್ಡ ಹೆಂಗ ಎದುರಾಬದುರಾ ನಿಂತಾವ ನೋಡ್ರಿ. ನಡುವ ನೀರು ಹೊಳೀತೈತಿ. ಎಷ್ಟು ಹಸಿರು ಅಂತೀನಿ, ಗಿಣಿ ಇದ್ದಂಗ."

ಆ ತಿರುವಿನಿಂದ ನೀರು ಕಾಣುವುದೇ ಇಲ್ಲ. ಗೆಳತಿಯರು ಕಂಡ ನೀರು ಡ್ಯಾಮಿನದು, ಅದಿರುವುದು ನಮ್ಮ ಬೆನ್ನ ಹಿಂದಿನ ಗುಡ್ಡದಾಚೆ. ಹಸಿರೂ ಇರಲಿಲ್ಲ, ಆ ಹೊತ್ತಿಗೆ ಎಲ್ಲ ನೇರಳೆ. ಅವಳು ಕೈ ಚಾಚಿದ್ದು ಕಣಿವೆಯ ಕಡೆಗಲ್ಲ, ರಸ್ತೆ ಪಕ್ಕದ ಮಣ್ಣಿನ ದಿಬ್ಬದ ಕಡೆಗೆ. ಏಳನೇ ಕ್ಲಾಸಿನಲ್ಲಿ ಕಿಟಕಿಯಾಚೆಯಿಂದ ಕೇಳಿದ್ದನ್ನೇ ನನಗೆ ಒಪ್ಪಿಸುತ್ತಿದ್ದಳು.

"ನಿನಗ ಕಾಣ್ತೈತೇನು?" ಎಂದೆ.

"ಕಾಣ್ತೈತ್ರಿ."

"ಖರೇ ಹೇಳು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಮುಂಜಾನಿಂದ ಇಷ್ಟ್ ಹುರುಪಿಲೆ ಕಾಯ್ದಿದ್ರಿ. ಹೆಂಗ ಹೇಳ್ಲಿ?"

ಆಟೋ ಹತ್ತುವಾಗ ಮೆಟ್ಟಿಲು ಸಿಗದೆ ಅವಳ ಕಾಲು ಗಾಳಿಯಲ್ಲಿ ತಡಕಾಡಿತು. ನಾನು ಬಗ್ಗಿ ಅವಳ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟೆ.

ಆ ರಾತ್ರಿ ಊರಿಗೆ ಮರಳದೆ ಸಂಡೂರಿನ ಒಂದು ಲಾಡ್ಜಿನಲ್ಲಿ ಉಳಿದೆವು. ಅಲ್ಲಿಂದ ಅವಳ ತಂಗಿಗೆ ಫೋನ್ ಮಾಡಿದೆ. "ಅವತ್ತ ಹೇಳಿದ್ನಲ್ಲ ಮಾವಾ" ಎಂದಳು ಅವಳು. "ಲೇಸರ್ ಆದ ಮ್ಯಾಲ ಬೆಳಕು ಕಡಿಮಿ ಆದ್ರ ಅಕ್ಕಗ ಏನೂ ಕಾಣಂಗಿಲ್ಲ, ಚೊಲೋ ಬಿಸಿಲಿದ್ರ ಅಷ್ಟ ಕಾಣೂದು ಅಂತ ಡಾಕ್ಟರು ಅಂದಿದ್ರು. ನಿಮಗ ಫೋನ್ ಬಂತು, ಎದ್ದು ಹೋದ್ರಿ. ಅಕ್ಕನ ಹೇಳಿರ್ತಾಳ ಅಂತ ನಾ ಬಿಟ್ಟೆ." ನನ್ನ ಹೆಂಡತಿಯೋ, ನನಗೆ ಗೊತ್ತೇ ಇದೆ ಎಂದುಕೊಂಡಿದ್ದಳು. ಗೊತ್ತಿದ್ದೂ ನಾಲ್ಕು ಗಂಟೆಯ ಲೈಟಿಗೆ ಗಂಡ ನಗೆಯಾಡುತ್ತಾನೆ ಎಂದು ಆರು ತಿಂಗಳು ನುಂಗಿಕೊಂಡಿದ್ದಳು. ನನಗೆ ತಿಳಿದೇ ಇಲ್ಲ ಎಂದು ಅವಳಿಗೆ ಅರ್ಥವಾದದ್ದು ಆ ಮಧ್ಯಾಹ್ನ, ನಾನು "ಬಿಸಿಲಾಗ ಏನೂ ಕಾಣಂಗಿಲ್ಲ" ಎಂದಾಗ. ಆಗ ಹೇಳಿದರೆ ನಾನು ಎಲ್ಲರೆದುರು ಕುಸಿದುಹೋಗುತ್ತೇನೆ ಎಂದು ಸುಮ್ಮನಾದಳಂತೆ. ಇದನ್ನೆಲ್ಲ ಆ ರಾತ್ರಿ ಅವಳೇ ಹೇಳಿದಳು.

ಮರುದಿನ ನಡುಮಧ್ಯಾಹ್ನ ಅದೇ ತಿರುವಿಗೆ, ಆಮೇಲೆ ಡ್ಯಾಮಿಗೆ ಹೋಗುವುದೆಂದು ನಿಶ್ಚಯಿಸಿದೆ. ಬೆಳಗ್ಗೆ ಎದ್ದರೆ ಮಳೆ. ಗುಡ್ಡಗಳು ಇದ್ದ ಜಾಗದಲ್ಲಿ ಬಿಳಿ ಮೋಡ. ಮಧ್ಯಾಹ್ನ ಹನ್ನೆರಡಕ್ಕೂ ಸಂಜೆಯಂಥ ಬೆಳಕು. ಅದರ ಮರುದಿನವೂ ಹಾಗೇ. ನಾನು ಲಾಡ್ಜಿನ ಬಾಗಿಲಲ್ಲಿ ನಿಂತು ಆಕಾಶಕ್ಕೆ ಬಾಯಿಗೆ ಬಂದಂತೆ ಬೈದೆ. ಒಳಗಿನಿಂದ ಅವಳು "ಆಕಾಶ ಏನ್ ಮಾಡೈತ್ರಿ ಪಾಪ" ಎಂದಳು. ಮೂರನೇ ದಿನ ಅವಳ ಮಾತ್ರೆ ಮುಗಿದವು. ಊರಿಗೆ ಹೋಗಿ, ಮಳೆ ಬಿಟ್ಟ ಮೇಲೆ ಬರೋಣ ಎಂದು ಬಸ್ಸು ಹತ್ತಿದೆವು. ಈ ಸಲ ಗುಡ್ಡ ಇರುವ ಬದಿಯ ಕಿಟಕಿಯಲ್ಲೇ ಕೂರಿಸಿದೆ. ಗಾಜಿನ ಮೇಲೆ ನೀರು ಇಳಿಯುವುದನ್ನು ಅವಳು ದಾರಿಯುದ್ದಕ್ಕೂ ನೋಡುತ್ತಿದ್ದಳು.

ಮಳೆ ಬಿಟ್ಟದ್ದು ಊರಿಗೆ ಬಂದ ಹನ್ನೊಂದನೇ ದಿನ. ಅಂದು ಬೆಳಗ್ಗೆ ಅವಳು ಹಾಸಿಗೆಯಲ್ಲೇ ಕೂತು, "ಏನ್ರೀ, ಇನ್ನೂ ಬೆಳಕಾಗಿಲ್ಲೇನು" ಎಂದು ಕೇಳಿದಳು. ಹೊರಗೆ ಚುರುಗುಟ್ಟುವ ಬಿಸಿಲಿತ್ತು. ಸಂಡೂರಿಗೆ ಹೋಗಲು ಅಂಥ ದಿನ ಇನ್ನೊಂದು ಸಿಗುತ್ತಿರಲಿಲ್ಲ. ಬಳ್ಳಾರಿಗೆ ಈ ಸಲ ನಾನೇ ಕರೆದುಕೊಂಡು ಹೋದೆ. ಕಣ್ಣೊಳಗೆ ರಕ್ತ ಇಳಿದಿದೆ ಎಂದರು. ಆಪರೇಷನ್ ಮಾಡಿದರು, ನೋಟ ಮರಳಲಿಲ್ಲ. ಡಾಕ್ಟರು ಹೇಳಿದ ಪ್ರತಿಯೊಂದು ಮಾತನ್ನೂ ಫೋನ್ ಬಂದ್ ಮಾಡಿಟ್ಟು ಕೇಳಿದೆ. ಕೊನೆಗೆ ಅವರು ಹೇಳಲು ಉಳಿದದ್ದು ಹೆಚ್ಚೇನೂ ಇರಲಿಲ್ಲ.

ನಾನು ಈಗಲೂ ಹಂಪಿಗೆ ಹೋಗುತ್ತೇನೆ. ಬೇರೆ ಕೆಲಸ ಬರುವುದಿಲ್ಲ. ಆದರೆ ಬಂದವರನ್ನು ನೇರವಾಗಿ ಕರೆದೊಯ್ದು, ಇದ್ದ ಬೆಳಕಿನಲ್ಲಿ, ಇದ್ದದ್ದನ್ನು ತೋರಿಸಿಬಿಡುತ್ತೇನೆ. ನಡುಮಧ್ಯಾಹ್ನ ಹೇಮಕೂಟ ಹತ್ತಿಸುತ್ತೇನೆ. ಜನ ಬೆವರು ಒರೆಸಿಕೊಂಡು ಗೊಣಗುತ್ತಾರೆ. ಜೊತೆಯ ಗೈಡುಗಳು ನನಗೆ ತಲೆ ಕೆಟ್ಟಿದೆ ಎನ್ನುತ್ತಾರೆ. "ಈಗ ತಿರುಗಿ ನೋಡ್ರಿ" ಎನ್ನುವುದನ್ನು ಬಿಟ್ಟಿದ್ದೇನೆ. ಮನೆಗೆ ಬಂದು, ರಾತ್ರಿ ಊಟವಾದ ಮೇಲೆ ಅವಳಿಗೆ ಸಂಡೂರನ್ನು ಹೇಳಲು ಕೂರುತ್ತೇನೆ. ಬಾಯಿಂದ ಬರುವುದೆಲ್ಲ ಪ್ರವಾಸಿಗರಿಗೆ ಹೇಳುವ ಮಾತೇ. ಅವಳು ಕೇಳಿಸಿಕೊಳ್ಳುತ್ತಾಳೆ. ಒಂದು ದಿನ ಮಾತ್ರ, "ಆ ಮುದುಕಿ ಕನ್ನಡಿ ಹಚ್ಚತಿದ್ಲಲ್ಲ, ಅದನ್ನ ಇನ್ನೊಂದೀಟು ನೋಡಬೇಕಿತ್ತು" ಎಂದಳು. ನನ್ನ ಎರಡು ಕೆಮ್ಮು ನೆನಪಾಗಿ ಎದ್ದು ಹಿತ್ತಲಿಗೆ ಹೋದೆ.

ಮೊನ್ನೆ ಎದುರು ಮನೆಯ ಹೆಂಗಸು ಬಂದು ಕಟ್ಟೆಯ ಮೇಲೆ ಅವಳ ಪಕ್ಕ ಕೂತಿದ್ದಳು. ಮನೆಗೆ ನೆಂಟರು ಬರುತ್ತಾರಂತೆ, ಎಲ್ಲರೂ ಸಂಡೂರಿಗೆ ಹೋಗುವವರಂತೆ. "ನೀವು ಹೋಗಿ ಬಂದೀರಲ್ಲ ಅಕ್ಕಾ, ಹೆಂಗೈತಿ? ಯಾವಾಗ ಹೋದ್ರ ಚೊಲೋ?" ಎಂದು ಕೇಳಿದಳು. ನಾನು ಒಳಗೆ ಬಾಗಿಲ ಹಿಂದೆ ಅಂಗಿ ಹಾಕಿಕೊಳ್ಳುತ್ತಿದ್ದೆ. ನಾನು ಅಲ್ಲಿರುವುದು ನನ್ನ ಹೆಂಡತಿಗೆ ಗೊತ್ತಿತ್ತು. ಈಗ ಅವಳಿಗೆ ನನ್ನ ಉಸಿರೂ ಕೇಳಿಸುತ್ತದೆ.

"ಭಾಳ ಚಂದ ಐತವಾ" ಎಂದಳು ಅವಳು, ಬಿಸಿಲಿನ ಕಡೆ ಮುಖ ಎತ್ತಿ. "ನಮ್ಮನಿಯವರು ಎಲ್ಲಾ ತೋರಿಸಿದ್ರು. ಆದ್ರ ಸಂಜಿಗೆ ಹೋಗ್ರಿ. ಬಿಸಿಲಾಗ ಏನೂ ಕಾಣಂಗಿಲ್ಲ."